ಡ್ರೈವರ್ ಕಡೆಯ ಬಾಗಿಲು

ನಯನಾ ಬರುವ ಮುಂಚೆ ನಮ್ಮಲ್ಲಿ ಕೆಂಪು ಬೆರೆಸುವ ಕೆಲಸ ನನ್ನದಾಗಿತ್ತು.

ಕೆಂಪು ಎಂದರೆ ಡಬ್ಬಿಯಲ್ಲಿ ಬರುವ ಕೆಂಪಲ್ಲ. ಅದನ್ನು ಹಾಗೇ ಹೊಡೆದರೆ ನಾವು ಮಾಡುವಂಥ ಸಣ್ಣ ಮಾದರಿ ಗಾಡಿಯ ಮೇಲೆ ಜಾತ್ರೆಯ ಪೀಪಿಯ ಹಾಗೆ ಕಾಣುತ್ತದೆ. ಒಂದು ಹನಿ ಹಳದಿ, ಅರ್ಧ ಹನಿ ಕಂದು, ಸೂಜಿ ತುದಿಯಷ್ಟು ಬಿಳಿ ಸೇರಬೇಕು. ದೊಡ್ಡ ಗಾಡಿಯನ್ನು ದೂರದಿಂದ ನೋಡಿದರೆ ಬಣ್ಣ ತುಸು ಮಾಸಿದಂತೆ ಕಾಣುತ್ತದಲ್ಲ, ಸಣ್ಣ ಗಾಡಿಗೆ ಆ ಮಾಸಲನ್ನು ನಾವೇ ಕೊಡಬೇಕು. ಇದನ್ನು ನನಗೆ ಯಾರೂ ಕಲಿಸಲಿಲ್ಲ. ನಾಲ್ಕು ವರ್ಷ ನೋಡಿ ನೋಡಿ ತಿಳಿದದ್ದು.

ನಿಂಗರಾಜ್ ಸರ್ ಅವರ ಅಂಗಡಿ ದಾವಣಗೆರೆಯ ವಿದ್ಯಾನಗರದಲ್ಲಿದೆ. ಮುಂದೆ ಝೆರಾಕ್ಸ್ ಮತ್ತು ಬೈಂಡಿಂಗ್; ಹಿಂದಿನ ಎರಡು ಕೋಣೆಗಳಲ್ಲಿ ನಾವು. ಹಳೆಯ ಬಸ್ಸು, ಲಾರಿ, ಜೀಪುಗಳ ಪುಟ್ಟ ಮಾದರಿಗಳನ್ನು ಮಾಡುತ್ತೇವೆ. ನಿಜದ ಗಾಡಿಯ ನಲವತ್ತಮೂರನೇ ಒಂದು ಪಾಲಿನಷ್ಟು, ಎಲ್ಲ ಅಳತೆಯೂ ಲೆಕ್ಕಕ್ಕೆ ಸರಿಯಾಗಿ. ಅಚ್ಚಿಗೆ ರೆಸಿನ್ ಎಂಬ, ಆಮೇಲೆ ಗಟ್ಟಿಯಾಗುವ ದ್ರವ ಸುರಿಯುವುದು ಸರ್. ಗುಳ್ಳೆ ಬಿದ್ದ ತೂತುಗಳಿಗೆ ಪುಟ್ಟಿ ಮೆತ್ತಿ ಉಜ್ಜುವುದು ಖೈರುನ್ನೀಸಾ. ಬಣ್ಣ ನಾನು. ಕೊಳ್ಳುವವರು ಮಕ್ಕಳಲ್ಲ, ಪುಣೆ, ಕೊಚ್ಚಿ, ಒಮ್ಮೊಮ್ಮೆ ಜರ್ಮನಿಯ ದೊಡ್ಡ ದೊಡ್ಡ ಮನುಷ್ಯರು. ಗಾಜಿನ ಕಪಾಟಿನಲ್ಲಿಟ್ಟು ನೋಡುತ್ತಾರಂತೆ.

"ಆಡಂಗಿಲ್ಲ, ಓಡ್ಸಂಗಿಲ್ಲ, ಬರೀ ಇಟ್ಕೊಂಡು ನೋಡೋದು," ಎನ್ನುತ್ತಾಳೆ ಖೈರುನ್ನೀಸಾ. "ಥೇಟ್ ನಮ್ ಮನೆಯೋರು."

ಈ ವರ್ಷದ ಜನವರಿಯಲ್ಲಿ ಸರ್ ಒಂದು ಹಳೆಯ ಫೋಟೊ ತಂದು ನನ್ನ ಮೇಜಿನ ಮೇಲಿಟ್ಟರು. ಕಪ್ಪು ಬಿಳುಪಿನದು. ಒಂದು ಫೈರ್ ಎಂಜಿನ್, ಮೇಲೆ ಮರದ ಏಣಿ, ಮುಂದೆ ಹಿತ್ತಾಳೆ ಗಂಟೆ, ಪಕ್ಕದಲ್ಲಿ ಸಾಲಾಗಿ ನಿಂತ ಕೆಲಸದವರು. ಹರಿಹರದ ತುಂಗಾತೀರ ಬಾಡಿ ವರ್ಕ್ಸ್ ಎಂಬ ಮುಚ್ಚಿಹೋದ ಕಾರ್ಖಾನೆಯಲ್ಲಿ ಕಟ್ಟಿದ್ದು.

"ಇದನ್ನ ಮಾಡೋಣ," ಎಂದರು ಸರ್. "ನೂರೈವತ್ತು ಪೀಸು ಮಾತ್ರ. ಒಂದೊಂದಕ್ಕೂ ನಂಬರು. ಪೆಟ್ಟಿಗೆಯೊಳಗೆ ಒಂದು ಕಾರ್ಡು, ಕಂಪನಿ ಚರಿತ್ರೆ ಬರೆದದ್ದು. ಕೆಳಗೆ ಬಣ್ಣ ಮಾಡಿದೋರ ಹೆಸರು. ಜರ್ಮನಿಯೋರು ಕೇಳ್ತಾರೆ, ಯಾರ ಕೈಕೆಲಸ ಅಂತ. ಮೊದಲನೇ ಪೀಸು ಯಾರು ಮಾಡ್ತಾರೋ ಅವರ ಹೆಸರು."

ಬಣ್ಣ ಮಾಡುವವಳು ಅಲ್ಲಿ ನಾನೊಬ್ಬಳೇ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಮಾರ್ಕ್ಸ್ ಕಾರ್ಡಿನಲ್ಲಾಗಲೀ ಮತ್ತೊಂದರಲ್ಲಾಗಲೀ ನನ್ನ ಹೆಸರು ಅಚ್ಚಾಗಿಲ್ಲ. ರೇಷನ್ ಕಾರ್ಡಿನಲ್ಲಿದೆ, ಅದು ಎಲ್ಲರದೂ ಇರುತ್ತದೆ. 'ಬಣ್ಣ: ಸ್ವಾತಿ' ಎಂದು ಒಂದು ಸಾಲು ಜರ್ಮನಿಯ ಕಪಾಟಿನಲ್ಲಿ ಕೂರುತ್ತದೆ ಎಂದು ಆ ಸಂಜೆ ಹರಿಹರದ ಬಸ್ಸಿನಲ್ಲಿ ನಿಂತೇ ಯೋಚಿಸಿದೆ. ಇನ್ನೊಂದು ಮಾತೂ ಇತ್ತು. ನಮ್ಮಪ್ಪ ಏಕಾಂತಪ್ಪ ಅದೇ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಪೇಂಟರ್ ಆಗಿದ್ದವನು. ಅದನ್ನು ಸರ್‌ಗೆ ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ನನಗೆ ಯಾವ ಮಾತನ್ನೂ ಜೋಡಿಸಿಕೊಳ್ಳದೆ ಆಡಲು ಬರುವುದಿಲ್ಲ.

ಮಾರನೆಯ ಬೆಳಿಗ್ಗೆ ಆ ಮಾತು ಬಾಯಿಗೆ ಬರುವಷ್ಟರಲ್ಲಿ ಸರ್ ಹಿಂದೆ ಒಬ್ಬ ಹುಡುಗಿ ಒಳಗೆ ಬಂದಳು.

"ಇವರು ನಯನಾ. ಇಲ್ಲೇ ಫೈನ್ ಆರ್ಟ್ಸ್ ಮುಗಿಸಿದಾರೆ. ಫೈರ್ ಎಂಜಿನ್ ಮಾಸ್ಟರ್ ಪೀಸು, ಅದೇ ಮೊದಲನೇದು, ಇವರೇ ಮಾಡ್ತಾರೆ. ಸ್ವಾತಿ, ನಿನ್ನ ಟೇಬಲ್ನಾಗೆ ಕಿಟಕಿ ಕಡೆ ಜಾಗ ಬಿಡು. ಬೆಳಕು ಬೇಕಲ್ಲ ಅವರಿಗೆ."

ನನಗೂ ಬೆಳಕು ಬೇಕಿತ್ತು. ಸರಿದು ಕೂತೆ.

ಅವಳನ್ನು ನೋಡುವುದೇ ನನ್ನ ಕೆಲಸವಾಯಿತು. ಅವಳ ಕುಂಚಗಳು ಕ್ಯಾನ್ವಾಸಿನ ಸುರುಳಿಯಲ್ಲಿ ಎತ್ತರದ ಪ್ರಕಾರ ನಿಂತಿರುತ್ತಿದ್ದವು. ನನ್ನವು ಹಾರ್ಲಿಕ್ಸ್ ಬಾಟಲಿಯಲ್ಲಿ. ಅವಳ ಅಪ್ಪನಿಗೆ ಚೌಕಿಪೇಟೆಯಲ್ಲಿ ಬಟ್ಟೆ ಅಂಗಡಿ. ಡಬ್ಬಿಯಲ್ಲಿ ಹೋಳಿಗೆ ತಂದರೆ ಮೂರು ಪಾಲು ಮಾಡಿಯೇ ತಿನ್ನುತ್ತಿದ್ದಳು. ಎರಡನೇ ದಿನಕ್ಕೇ ಖೈರುನ್ನೀಸಾಳನ್ನು 'ಖೈರಕ್ಕ' ಎಂದಳು. ನನಗೆ ಆ ಮಾತು ಬರಲು ಒಂದು ವರ್ಷ ಹಿಡಿದಿತ್ತು.

ಕೆಲಸದಲ್ಲಿ ತಪ್ಪು ಹುಡುಕಿದೆ. ಕಿಟಕಿಯ ಸುತ್ತ ಕಪ್ಪು ರಬ್ಬರಿನ ಗೆರೆ ಇರುತ್ತದೆ, ಕೂದಲೆಳೆಯಷ್ಟು ದಪ್ಪ. ನಾನು ಅದನ್ನು ನಾಲ್ಕು ತುಂಡಾಗಿ ಎಳೆದು ಮೂಲೆಯಲ್ಲಿ ಕೂಡಿಸುತ್ತೇನೆ. ಅವಳು ಉಸಿರು ಹಿಡಿದು ಗಾಡಿಯನ್ನೇ ತಿರುಗಿಸುತ್ತಾ ಒಂದೇ ಎಳೆಯಲ್ಲಿ ಮುಗಿಸಿದಳು. ಲೆನ್ಸ್ ಹಿಡಿದು ನೋಡಿದೆ. ಎಲ್ಲೂ ನಡುಕವಿರಲಿಲ್ಲ. ಅವಳು ಕೆಟ್ಟದಾಗಿ ಮಾಡಿದ್ದರೆ ನನಗೆ ಅವಳು ಇಷ್ಟವಾಗುತ್ತಿದ್ದಳು.

ಕೆಂಪನ್ನೂ ಅವಳೇ ಬೆರೆಸಿಕೊಂಡಳು. ನನ್ನ ಕೆಂಪಿಗಿಂತ ಒಂದು ಎಳೆ ಗಾಢ, ದಾಸವಾಳದ ಕಡೆಗೆ ವಾಲಿದ್ದು. ಚೆನ್ನಾಗಿಯೇ ಇತ್ತು.

ಒಂದು ಮಧ್ಯಾಹ್ನ ಅವಳು ಕುರ್ಚಿ ನನ್ನ ಕಡೆ ತಿರುಗಿಸಿದಳು. "ಸ್ವಾತಿ, ಫೋಟೊ ಎಲ್ಲಾ ಕಪ್ಪು ಬಿಳುಪು. ಪಟ್ಟಿ ಯಾವ ಬಣ್ಣ, ಬಾಗಿಲು ಹೆಂಗಿತ್ತು, ಏನೂ ತಿಳಿತಿಲ್ಲ. ಹರಿಹರದಾಗೆ ಏಕಾಂತಪ್ಪ ಅಂತ ಅಲ್ಲಿನ ಪೇಂಟರ್ ಒಬ್ಬರು ಇದಾರಂತೆ. ನೀನು ಆ ಊರೋಳಲ್ಲ, ಗೊತ್ತೇನು?"

ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಬರುತ್ತಿರಲಿಲ್ಲ. ಆದರೆ ನಾನು ಹೇಳಿದರೆ ಅವಳು ಹೋಗುತ್ತಾಳೆ, ಕೇಳುತ್ತಾಳೆ, ಬರೆದುಕೊಳ್ಳುತ್ತಾಳೆ. ಕಾರ್ಡಿನ ಮೇಲಿನ ಚರಿತ್ರೆಯೂ ಅವಳದು, ಕೆಳಗಿನ ಹೆಸರೂ ಅವಳದು.

"ಇದ್ರು," ಎಂದೆ. "ಈಗ ನಂದಿಗುಡಿಯಾಗೆ ಮಗಳ ಮನೆಗೆ ಹೋಗಿದಾರೆ. ಕಿವಿ ಕೇಳ್ಸಲ್ಲ. ನೆನಪೂ ಇಲ್ಲ."

ಮಾತು ಜೋಡಿಸಿಕೊಳ್ಳದೆಯೇ ಬಂದುಬಿಟ್ಟಿತು. ಪುಟ್ಟಿ ಉಜ್ಜುತ್ತಿದ್ದ ಖೈರುನ್ನೀಸಾಳ ಕೈ ನಿಂತಿತು. ನಯನಾ ನೀರು ತರಲು ಎದ್ದಾಗ ಖೈರುನ್ನೀಸಾ ಮೆಲ್ಲಗೆ ಹೇಳಿದಳು: "ನಿಮ್ಮಪ್ಪನ್ನ ಕೂತಲ್ಲೇ ಕಿವುಡ ಮಾಡ್ದಲ್ಲೇ, ಶಾಣ್ಯಾಕಿ. ನಾಳೆ ಕುರುಡಾನೂ ಮಾಡ್ತೀಯೇನು?"

"ಸುಮ್ನಿರು ಅಕ್ಕ."

"ನಾ ಸುಮ್ನೇ ಇದೀನಿ. ನಿನ್ನ ಮುಖನೇ ಸುಮ್ನಿಲ್ಲ."

ಆ ಶನಿವಾರ ನಯನಾ ರಜೆ ಹಾಕಿದಳು. ನಾನು ಸಂಜೆ ಆರಕ್ಕೆ ಹರಿಹರದಲ್ಲಿ ಬಸ್ಸಿಳಿದು ನಮ್ಮ ಓಣಿಗೆ ತಿರುಗಿದಾಗ ಮನೆಯ ಮುಂದೆ ಅವಳ ನೀಲಿ ಸ್ಕೂಟರ್ ನಿಂತಿತ್ತು.

ಬಾಗಿಲಲ್ಲೇ ಅವ್ವ ಹಿಡಿದಳು. "ನಿನ್ನ ಗೆಳತಿ ಬಂದಾಳೆ ನೋಡು. ನೀನೇ ಕಳ್ಸಿದಿಯಂತಲ್ಲ, ಬೆಳಿಗ್ಗೆ ಒಂದು ಮಾತು ಹೇಳೋಕೆ ಏನಾಗಿತ್ತು? ಸೆರಗು ಸೊಂಟಕ್ಕೆ ಸಿಗಿಸ್ಕೊಂಡು ಬಚ್ಚಲು ತಿಕ್ತಿದ್ದೆ ನಾನು."

ನಾನು ಕಳಿಸಿದೆನಂತೆ. ಹಳೆಯ ಕಾರ್ಖಾನೆಯನ್ನಾದರೂ ನೋಡೋಣವೆಂದು ಬಂದಿರಬೇಕು; ಅದರ ಎದುರಿನ ಚಹಾದಂಗಡಿಯಲ್ಲಿ ಕೇಳಿದರೆ ಯಾರು ಬೇಕಾದರೂ ನಮ್ಮ ಮನೆ ತೋರಿಸುತ್ತಾರೆ. ಬಂದವಳು ಗೋಡೆಯ ಮೇಲಿನ ನನ್ನ ಫೋಟೊ ನೋಡಿರುತ್ತಾಳೆ. ಆದರೂ ಅಪ್ಪ ಅವ್ವನ ಮುಂದೆ ನನ್ನ ಸುಳ್ಳನ್ನು ಬಿಚ್ಚದೆ 'ಸ್ವಾತಿನೇ ಕಳಿಸಿದ್ದು' ಎಂದಿದ್ದಾಳೆ.

ನಡುಮನೆಯಲ್ಲಿ ಅಪ್ಪ ಮಂಚದ ಮೇಲೆ ಕೂತಿದ್ದ. ನಯನಾ ಕೆಳಗೆ ಚಾಪೆಯ ಮೇಲೆ, ತೊಡೆಯ ಮೇಲೆ ನೋಟ್‌ಬುಕ್. ಮಧ್ಯೆ ತಟ್ಟೆಯಲ್ಲಿ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ. ಮತ್ತು ಅಪ್ಪ ಮಾತಾಡುತ್ತಿದ್ದ.

ನಮ್ಮಪ್ಪ ಮಾತಾಡುವವನಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ಟ್ರ್ಯಾಕ್ಟರ್ ಟ್ರೇಲರ್, ಮನೆಗಳ ಗ್ರಿಲ್ಲು, ಯಾವುದು ಸಿಕ್ಕರೆ ಅದಕ್ಕೆ ಬಣ್ಣ ಹೊಡೆಯುತ್ತಾನೆ. ಬರುತ್ತಾನೆ, ಸೀಮೆಎಣ್ಣೆಯಲ್ಲಿ ಕೈ ತೊಳೆಯುತ್ತಾನೆ, ಉಣ್ಣುತ್ತಾನೆ. ನಾನು ಒಳಗೆ ಹೋಗಲಿಲ್ಲ. ಅಡಿಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಕೇಳಿದೆ.

"ಡ್ರೈವರ್ ಕಡೆ ಬಾಗ್ಲಿಗೆ ನಾವು ಬಣ್ಣ ಹೊಡಿತಿರ್ಲಿಲ್ಲವ್ವ," ಎನ್ನುತ್ತಿದ್ದ ಅಪ್ಪ.

"ಯಾಕ್ರಿ?"

"ಯಜಮಾನರ ಕಟ್ಟಪ್ಪಣೆ. ಗಾಡಿ ಪೂರಾ ಕೆಂಪು, ಅದೊಂದು ಬಾಗ್ಲು ಮಾತ್ರ ಪ್ರೈಮರು, ಅಡಿಬಣ್ಣ. ರೆಡ್ ಆಕ್ಸೈಡ್ ಬಳಿದು ಹಂಗೇ ಬಿಡೋದು. ಇಟ್ಟಿಗೆ ಪುಡಿ ಹಚ್ಚಿದಂಗೆ ಕಾಣ್ತಿತ್ತು. ಗಾಡಿ ಯಾವ ಊರಿನ ಮುನ್ಸಿಪಾಲ್ಟಿಗೆ ಹೋಗ್ತೈತೋ ಆ ಊರಿನ ಪೇಂಟರು ಆ ಬಾಗ್ಲು ಮಾಡ್ಬೇಕು. ಊರೋರ ಕೈ ತಾಗ್ಲಿ, ಆಗ ಅದು ಅವರ ಗಾಡಿ ಆಗ್ತೈತೆ ಅನ್ನೋದು ದೊಡ್ಡ ಯಜಮಾನರ ಮಾತು. ನಾ ಸೇರೋ ಮುಂಚಿನಿಂದ ಹಂಗೇ ನಡ್ಕೊಂಡು ಬಂದಿತ್ತು."

"ಎಷ್ಟು ಚಂದ ಐತ್ರಿ ಇದು!" ನಯನಾ ಬರೆದುಕೊಳ್ಳುತ್ತಿದ್ದಳು. "ಆಮೇಲೆ?"

ಆಮೇಲೆ ಅಪ್ಪ ಗಂಟೆಯ ಬಗ್ಗೆ ಹೇಳಿದ. ಏಣಿಗೆ ಯಾವ ಮರ ಎಂದು ಹೇಳಿದ. ಒಮ್ಮೆ ಪಂಪಿನ ಪರೀಕ್ಷೆಗೆ ನೀರು ಬಿಟ್ಟಾಗ ಮ್ಯಾನೇಜರ ಕೊಡೆ ಹಾರಿಹೋಗಿ ಹೊಳೆಗೆ ಬಿದ್ದದ್ದನ್ನು ಕೈ ಮಾಡಿ ತೋರಿಸಿದ. ಅವ್ವ ಬಾಣಲೆಯ ಮುಂದೆ ನಿಂತೇ ನಕ್ಕಳು. ಅದು ಅವಳಿಗೂ ಹೊಸದು.

ಸಣ್ಣವಳಿದ್ದಾಗ ಅಪ್ಪನ ಸೈಕಲ್ ಬಾರಿನ ಮೇಲೆ ಕೂತು ಎಷ್ಟೋ ಸಲ ಆ ಕಾರ್ಖಾನೆಯ ಗೇಟಿನ ಮುಂದೆ ಹಾದಿದ್ದೇನೆ. ಅವನು ಪೆಡಲ್ ನಿಧಾನ ಮಾಡುತ್ತಿದ್ದ, ಏನೂ ಹೇಳುತ್ತಿರಲಿಲ್ಲ. ನಾನೂ ಕೇಳಲಿಲ್ಲ. ಇಪ್ಪತ್ತಮೂರು ವರ್ಷ ಒಂದೇ ಸೂರಿನ ಕೆಳಗಿದ್ದು ಒಂದು ಬಾಗಿಲಿನ ಸಂಗತಿ ನನಗೆ ಗೊತ್ತಿರಲಿಲ್ಲ. ಎರಡು ತಾಸಿಗೆ ಬಂದವಳ ಪುಸ್ತಕದಲ್ಲಿ ಅದು ಕೂತಿತ್ತು.

ಹೊರಡುವಾಗ ನಯನಾ ಸ್ಕೂಟರ್ ಹತ್ತಿರ ನನ್ನ ತೋಳು ಮುಟ್ಟಿದಳು. "ನಿಮ್ಮಪ್ಪಾರು ಅಂತ ಹೇಳ್ಬಾರದಿತ್ತಾ? ಸಂಕೋಚ ಆಯ್ತೇನೋ ನಿಂಗೆ. ಇರ್ಲಿ ಬಿಡು."

ಬೈದಿದ್ದರೆ ಮುಗಿದುಹೋಗುತ್ತಿತ್ತು. ಅವಳು ನನ್ನ ಪರವಾಗಿ ಒಂದು ನೆವವನ್ನೂ ಹುಡುಕಿಕೊಟ್ಟು ಹೋದಳು.

ಊಟಕ್ಕೆ ಕೂತಾಗ ಅಪ್ಪ ತಾನಾಗಿಯೇ ಬಾಯಿ ತೆರೆದ. "ಚುರುಕೈತೆ ಹುಡುಗಿ. ಕೈ ನೋಡ್ದೆ. ಪೇಂಟರ್ ಕೈ ಅದು."

ನಾನು ಅವನಿಗೆ ರೊಟ್ಟಿ ಬಡಿಸುತ್ತಿದ್ದೆ. ನನ್ನ ಕೈ ಅವನ ತಟ್ಟೆಯ ಮೇಲೇ ಇತ್ತು, ಉಗುರಿನ ಸಂದಿಯಲ್ಲಿ ಕೆಂಪಿನ ಸಮೇತ. ಅವನು ರೊಟ್ಟಿ ತೆಗೆದುಕೊಂಡ.

ಸೋಮವಾರ ನಯನಾ ಎಲ್ಲವನ್ನೂ ಸರ್ ಮುಂದೆ ಹೇಳಿದಳು. ಮುಚ್ಚಿಡದೆ, "ಸ್ವಾತಿ ಅಪ್ಪಾರು ಹೇಳಿದ್ದು" ಎಂದೇ ಹೇಳಿದಳು. ಸರ್ ಕುರ್ಚಿಯಿಂದ ಎದ್ದೇಬಿಟ್ಟರು.

"ಒಂದು ಬಾಗ್ಲು ಪ್ರೈಮರು! ಇದೊಂದು ಸಾಕು, ಕಲೆಕ್ಟ್ ಮಾಡೋರು ಹುಚ್ಚಾಗ್ತಾರೆ. ಬೇರೆ ಯಾವ ಮಾಡೆಲ್ನಾಗೂ ಇಲ್ಲ ಇಂಥದ್ದು." ಆಮೇಲೆ ನನ್ನ ಕಡೆ ತಿರುಗಿದರು. "ಏನಮ್ಮ, ಮನೆಯಾಗೇ ಇಟ್ಕೊಂಡು ಬಾಯಿ ಬಿಡಲಿಲ್ಲ ನೀನು?"

ನಯನಾ ಆ ಒಂದು ಬಾಗಿಲಿಗೆ ಮೂರು ದಿನ ತೆಗೆದುಕೊಂಡಳು. ಬಾಗಿಲು ಎಂದರೆ ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು. ಇಟ್ಟಿಗೆ ಬಣ್ಣ, ಹೊಳಪಿಲ್ಲದ್ದು, ಬ್ರಷ್ಷಿನ ಗೀರು ಕಂಡೂ ಕಾಣದ ಹಾಗೆ. ಮುಟ್ಟಿದರೆ ಬೆರಳಿಗೆ ಪುಡಿ ಹತ್ತೀತು ಎನಿಸುತ್ತಿತ್ತು. ಅಷ್ಟು ನಿಜವಾಗಿತ್ತು.

ಬುಧವಾರ ಪ್ರೆಸ್ಸಿನಿಂದ ಕಾರ್ಡಿನ ಮೊದಲ ಪ್ರತಿ ಬಂತು. ಸರ್ ಅದನ್ನು ನನ್ನ ಕೈಗೇ ಕೊಟ್ಟರು, ಓದಿ ನೋಡು ಅಕ್ಷರ ತಪ್ಪಿದಾವಾ ಎಂದು. ಓದಿದೆ. ೧೯೫೮ರಲ್ಲಿ ಲಾರಿಗಳಿಗೆ ಮರದ ಬಾಡಿ ಕಟ್ಟಲು ಶುರುವಾದ ಕಾರ್ಖಾನೆ. ಒಂದು ಬೇಸಿಗೆ ಹತ್ತಿಯ ಗೋದಾಮಿಗೆ ಬೆಂಕಿ ಬಿದ್ದಾಗ ನೀರಿನ ಗಾಡಿ ಸಿಗದೆ, ಯಜಮಾನರು ತಮ್ಮದೇ ಲಾರಿಯಲ್ಲಿ ಡಾಂಬರಿನ ಪೀಪಾಯಿಗಳಿಗೆ ಹೊಳೆ ನೀರು ತುಂಬಿಸಿ ಓಡಿಸಿದ್ದು. ಆ ಮೇಲೆ ಮಿಲಿಟರಿಯವರು ಮಾರಿದ ಹಳೆಯ ಟ್ರಕ್ಕಿನ ಮೇಲೆ ೧೯೬೩ರಲ್ಲಿ ಮೊದಲ ಫೈರ್ ಎಂಜಿನ್. ೧೯೯೬ರಲ್ಲಿ ಬಾಗಿಲು ಹಾಕುವವರೆಗೆ ನೂರ ಎಂಬತ್ತಾರು ಗಾಡಿಗಳು. ಕೊನೆಯಲ್ಲಿ ಆ ಬಾಗಿಲು, ಊರಿನವರ ಕೈ ತಾಗಲಿ ಎಂಬ ಮಾತು. ನಮ್ಮಪ್ಪನ ಮಾತೇ, ಸ್ವಲ್ಪ ಇಸ್ತ್ರಿ ಹಾಕಿದ್ದು. ಕೆಳಗೆ: ಬಣ್ಣ: ನಯನಾ.

"ತಪ್ಪಿಲ್ಲ ಸರ್," ಎಂದೆ.

ಗುರುವಾರ ಸಂಜೆ ನಾಲ್ಕಕ್ಕೆ ಕೊಟ್ಟೂರಪ್ಪನವರು ಬರುವವರಿದ್ದರು. ಕಾರ್ಖಾನೆ ಕಟ್ಟಿದ ದೊಡ್ಡ ಯಜಮಾನರ ಮಗ, ಎಪ್ಪತ್ತೈದು ದಾಟಿದವರು. ಅವರು ಮಾಸ್ಟರ್ ಪೀಸ್ ನೋಡಿ ಒಪ್ಪಿದರೆ ಮಾತ್ರ ಕಂಪನಿಯ ಹೆಸರು ಬಳಸುವ ಹಾಗಿತ್ತು. ಒಂದೂವರೆಗೆ ನಯನಾ ಊಟಕ್ಕೆಂದು ಮನೆಗೆ ಹೋದಳು. ಖೈರುನ್ನೀಸಾ ಮಗಳನ್ನು ಶಾಲೆಯಿಂದ ಕರೆತರಲು ಹೋದಳು. ಸರ್ ಮುಂದೆ ಝೆರಾಕ್ಸ್ ಮೆಷಿನ್ ಹತ್ತಿರ. ಗಾಡಿಯ ಧೂಳು ಒರೆಸಿ ಗಾಜಿನ ಡಬ್ಬಿಯಲ್ಲಿಡುವ ಕೆಲಸ ನನಗೆ ಹೇಳಿದ್ದರು.

ಮೃದುವಾದ ಬ್ರಷ್ಷಿನಲ್ಲಿ ಧೂಳು ತೆಗೆದೆ. ತಿರುಗಿಸಿ ನೋಡಿದೆ. ಇಟ್ಟಿಗೆ ಬಣ್ಣದ ಬಾಗಿಲು. ಅದು ನಮ್ಮ ಮನೆಯ ಮಂಚದ ಮೇಲಿಂದ ಎದ್ದು ಬಂದದ್ದು, ನನ್ನನ್ನು ದಾಟಿ.

ಏನು ಮಾಡುತ್ತಿದ್ದೇನೆಂದು ಗೊತ್ತಿರಲಿಲ್ಲ ಎಂದು ಹೇಳಲಾರೆ. ಗೊತ್ತಿತ್ತು. ಬಾಗಿಲ ಸುತ್ತ ಟೇಪ್ ಅಂಟಿಸಿದೆ, ಉಳಿದದ್ದಕ್ಕೆ ಕಾಗದ ಸುತ್ತಿದೆ. ನನ್ನ ಕೆಂಪನ್ನು ಬೆರೆಸಿದೆ. ಬಣ್ಣ ಊದುವ ಏರ್‌ಬ್ರಷ್ಷಿನಲ್ಲಿ ತೆಳುವಾಗಿ ಒಂದು ಕೋಟ್, ಹೇರ್ ಡ್ರೈಯರಿನಲ್ಲಿ ಒಣಗಿಸಿ ಇನ್ನೊಂದು, ಮತ್ತೊಂದು. ಮೇಲೆ ಹೊಳಪು. ಯಾರಾದರೂ ಕೇಳಿದರೆ 'ಕೆಲಸ ಅರ್ಧ ಉಳಿದಿದೆ ಅಂದ್ಕೊಂಡೆ' ಎನ್ನಬೇಕೆಂದು ಮಾತು ಜೋಡಿಸಿಕೊಂಡೆ. ಕೊಟ್ಟೂರಪ್ಪನವರು ನೋಡುತ್ತಾರೆ, ಪ್ರೈಮರ್ ಬಾಗಿಲು ಎಲ್ಲಿ ಎನ್ನುತ್ತಾರೆ, ಇವರಿಗೆ ನಮ್ಮ ಗಾಡಿ ಗೊತ್ತಿಲ್ಲ ಎಂದು ಎದ್ದು ಹೋಗುತ್ತಾರೆ. ಕಾರ್ಡಿನಲ್ಲಿ ನನ್ನ ಹೆಸರು ಬರುವುದಿಲ್ಲ, ಸರಿ. ಅವಳದೂ ಬರುವುದಿಲ್ಲ.

ಕೆಲಸ ಮಾತ್ರ ಚೆನ್ನಾಗಿ ಮಾಡಿದೆ. ಅಷ್ಟು ಚೆನ್ನಾಗಿ ನಾನು ಅದುವರೆಗೆ ಯಾವುದನ್ನೂ ಮಾಡಿರಲಿಲ್ಲ.

ಮರಳಿ ಬಂದ ಖೈರುನ್ನೀಸಾ ಬಾಗಿಲಲ್ಲೇ ಮೂಗು ಎಳೆದಳು. "ಥಿನ್ನರ್ ವಾಸ್ನೆ. ಇವತ್ತು ಏನೂ ಹೊಡೆಯೋದು ಇರ್ಲಿಲ್ಲಲ್ಲ?" ನನ್ನನ್ನು ನೋಡಿದಳು, ಡಬ್ಬಿಯನ್ನು ನೋಡಿದಳು. ಗಾಡಿಯ ಆ ಮಗ್ಗುಲು ಗೋಡೆಯ ಕಡೆಗಿತ್ತು. ಹೋಗಿ ಕಿಟಕಿಯನ್ನು ಪೂರ್ತಿ ತೆರೆದು ಬಂದು ಕೂತಳು.

ಕೊಟ್ಟೂರಪ್ಪನವರು ನಾಲ್ಕಕ್ಕೆ ಸರಿಯಾಗಿ ಬಂದರು. ಬಿಳಿ ಅಂಗಿ, ಕೈಯಲ್ಲಿ ಕೋಲು, ಹಣೆಯ ಮೇಲೆ ವಿಭೂತಿ.

"ಬರ್ರಿ, ಕೂಡ್ರಿ," ಎಂದು ಸರ್ ಇದ್ದ ಒಂದೇ ಒಳ್ಳೆಯ ಕುರ್ಚಿ ಹಾಕಿ, ಕಾರ್ಡಿನ ಪ್ರತಿಯನ್ನು ಓದಲು ಕೊಟ್ಟರು. ನಯನಾ ಡಬ್ಬಿಯಿಂದ ಗಾಡಿ ತೆಗೆದು ಎರಡೂ ಕೈಯಲ್ಲಿ ಅವರ ಮುಂದೆ ಹಿಡಿದಳು.

"ಅಲಲಾ," ಎಂದರು ಮುದುಕರು. "ಗಂಟೆ ಅಲ್ಲೇ ಐತಲ್ಲ! ಹಗ್ಗ ಕಟ್ಟೋ ಕೊಂಡಿನೂ ಐತಲ್ಲೋ!" ಮೂಗಿಗೆ ಹತ್ತಿರ ಹಿಡಿದು ಏಣಿ ನೋಡಿದರು, ಪಂಪಿನ ಚಕ್ರ ನೋಡಿದರು. ಆಮೇಲೆ ತಿರುಗಿಸಿದರು.

ನಯನಾಳ ಮುಖ ನಾನು ನೋಡುತ್ತಿದ್ದೆ. ಬಾಗಿಲು ಕಂಡ ಕೂಡಲೇ ಅವಳ ಬಾಯಿ ಅರ್ಧ ತೆರೆಯಿತು. ಸರ್ ಕೂಡ ಅದನ್ನು ಕಂಡರು. "ಇದು... ಪ್ರೈಮರ್ ಇತ್ತಲ್ಲ? ನಯನಾ, ಇದು ಪ್ರೈಮರ್ ಇರ್ಲಿಲ್ಲಾ?"

ಕೊಟ್ಟೂರಪ್ಪನವರು ಕೈ ಎತ್ತಿ ಅವರನ್ನು ಸುಮ್ಮನಾಗಿಸಿದರು. ಎದ್ದು ಕಿಟಕಿಯ ಬೆಳಕಿಗೆ ಹೋದರು. ಗಾಡಿಯನ್ನು ಓರೆ ಮಾಡಿ, ಬಾಗಿಲನ್ನೂ ಪಕ್ಕದ ಮೈಯನ್ನೂ ಒಂದೇ ಬೆಳಕಿನಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಈ ಬಾಗ್ಲು ಬ್ಯಾರೆ ಕೈಯಿಂದು," ಎಂದರು. "ಈ ಕೆಂಪೇ ಬ್ಯಾರೆ. ಯಾರು ಹಚ್ಚಿದ್ದು?"

ಜೋಡಿಸಿಟ್ಟ ಮಾತು ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ನಯನಾ ಹೇಳಿದಳು. "ಸ್ವಾತಿ ಹಚ್ಚಿದ್ದು ಸರ್. ನಾನೇ ಹೇಳಿದ್ದೆ. ಬಾಗಿಲು ಬೇರೆಯವರ ಕೈಯಿಂದ ಆಗ್ಬೇಕು ಅಂತ."

ಎಷ್ಟು ಬೇಗ ಹೊಳೆದಿತ್ತು ಅವಳಿಗೆ! ಒಂದು ಉಸಿರಿನಲ್ಲಿ ನನ್ನನ್ನೂ ಉಳಿಸಿದಳು, ತನ್ನ ಗಾಡಿಯನ್ನೂ ಉಳಿಸಿದಳು. ನಾನು ತಲೆಯಾಡಿಸಿದ್ದರೆ ಸಾಕಿತ್ತು. ಆದರೆ ಆಗ ಆ ಬಾಗಿಲು ಕೂಡ ಅವಳು ಹೇಳಿ ಮಾಡಿಸಿದ್ದಾಗುತ್ತಿತ್ತು. ಅಪ್ಪನ ಮಾತು ಅವಳದಾಗಿತ್ತು, ಕಿಟಕಿಯ ಬೆಳಕು ಅವಳದಾಗಿತ್ತು, ಈಗ ನಾನು ಮಾಡಿದ ಕೆಟ್ಟ ಕೆಲಸವನ್ನೂ ಒಳ್ಳೆಯದು ಮಾಡಿ ತನ್ನ ಲೆಕ್ಕಕ್ಕೆ ಹಾಕಿಕೊಳ್ಳುತ್ತಿದ್ದಳು.

"ಆಕೆ ಹೇಳಿಲ್ಲ," ಎಂದೆ.

ನನ್ನ ದನಿ ಅಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. ಮುಂದಿನ ಕೋಣೆಯಲ್ಲಿ ಝೆರಾಕ್ಸಿಗೆ ಬಂದ ಹುಡುಗರೂ ತಿರುಗಿದರು.

"ಆಕೆ ಊಟಕ್ಕೆ ಹೋದಾಗ ನಾನೇ ಹಚ್ಚಿದೆ. ಕೇಳದೇ ಹಚ್ಚಿದೆ."

"ಯಾಕ?" ಎಂದರು ಕೊಟ್ಟೂರಪ್ಪನವರು.

"ಹೊಟ್ಟೆಕಿಚ್ಚಿಗೆ."

ಖೈರುನ್ನೀಸಾ "ಯಾ ಅಲ್ಲಾ" ಎಂದು ಸೆರಗು ಬಾಯಿಗೆ ಹಿಡಿದಳು. ಸರ್ ನನ್ನ ಹೆಸರು ಕೂಗಿದರು. ಮುದುಕರು ಕೋಲನ್ನು ಗೋಡೆಗೆ ಒರಗಿಸಿ ಮತ್ತೆ ಕುರ್ಚಿಯಲ್ಲಿ ಕೂತರು. ಭುಜ ಕುಲುಕುತ್ತಿತ್ತು. ನಗುತ್ತಿದ್ದರು. ನಗು ಕೆಮ್ಮಾಗಿ, ನಯನಾ ನೀರು ಕೊಡಬೇಕಾಯಿತು.

"ಊರೋರ ಕೈ ತಾಗ್ಲಿ ಅಂತ ಬಾಗ್ಲು ಬಿಡ್ತಿದ್ರು ಅಂತ ಬರ್ದೀರಲ್ಲ ಕಾರ್ಡಿನಾಗೆ," ಎಂದರು. "ಯಾರು ಹೇಳಿದ್ದು ನಿಮಗೆ?"

"ಪೇಂಟರ್ ಏಕಾಂತಪ್ಪಾರು," ಎಂದಳು ನಯನಾ.

"ಅವ ಸೇರೋ ಹೊತ್ತಿಗೆ ಕತಿ ಹಂಗಾಗಿತ್ತು. ನಾ ಹೇಳ್ತೀನಿ ಕೇಳ್ರಿ. ನಾನಾಗ ಹೈಸ್ಕೂಲು. ಮೊದಲನೇ ಗಾಡಿ ಒಪ್ಪಿಸೋಕೆ ಅಪ್ಪನ ಜೊತಿ ಹೋಗಿದ್ದೆ. ಊರಿನ ಹೆಸರು ಹೇಳಂಗಿಲ್ಲ, ಅಲ್ಲಿ ಈಗ ನಮ್ಮ ಬೀಗರಿದಾರೆ. ಮುನ್ಸಿಪಾಲ್ಟಿ ಮುಂದೆ ಗಾಡಿ ನಿಲ್ಲಿಸಿ, ಹೂವಿನ ಹಾರ ಹಾಕಿ, ಮಲಗಿದ್ವಿ. ಬೆಳಿಗ್ಗೆ ಎದ್ದು ನೋಡಿದ್ರೆ ಡ್ರೈವರ್ ಕಡೆ ಬಾಗ್ಲಿಗೆ ಯಾವನೋ ಡಾಂಬರು ಬಳಿದಾನೆ. ಯಾರು? ಆ ಊರಿನ ಪೇಂಟರು. ಗಾಡಿ ನಮ್ಮ ಊರಿಂದು, ಬಣ್ಣಕ್ಕೆ ಹರಿಹರದೋರು ಯಾಕ ಅಂತ. ಬರೀ ಹೊಟ್ಟೆಕಿಚ್ಚು! ಸೀಮೆಎಣ್ಣಿ ಹಾಕಿ ತಿಕ್ಕಿ ತಿಕ್ಕಿ, ಡಾಂಬರಿನ ಜೊತಿಗೆ ನಮ್ಮ ಬಣ್ಣನೂ ಹೋಗಿ ಪ್ರೈಮರ್ ಕಾಣ್ತು. ನಮ್ಮಪ್ಪ ಅವನ್ನೇ ಕರೆಸಿ, 'ನೀನೇ ಹಚ್ಚಪ್ಪಾ ಇನ್ನ' ಅಂದ. ಆ ಮನುಷ್ಯ ಸಿಟ್ಟಿಗೆ ಮೂರು ಕೋಟ್ ಹೊಡ್ದ. ನಮ್ಮೋರು ಹೊಡೆದದ್ದು ಎರಡೇ. ಗಾಡಿ ಪೂರಾ ಒಂದು ತೂಕ, ಆ ಬಾಗ್ಲೊಂದು ತೂಕ! ಮುಂದಿನ ಗಾಡಿಯಿಂದ ನಮ್ಮಪ್ಪ ಆ ಬಾಗ್ಲು ಬಿಟ್ಟೇ ಕಳಿಸಿದ. ಡಾಂಬರು ತಿಕ್ಕೋ ಕೆಲಸ ಬ್ಯಾಡ ಅಂತ."

ಅವರು ಬಾಗಿಲ ಮೇಲೆ ಉಗುರಿನಿಂದ ಮೆಲ್ಲಗೆ ತಟ್ಟಿದರು.

"ಊರು ಸೇರಿದ ಮ್ಯಾಲೆ ನಮ್ಮ ಗಾಡಿ ಹಿಂಗೇ ಕಾಣ್ತಿದ್ವು. ಎಷ್ಟು ಮಾಡಿದ್ರೂ ಆ ಬಾಗ್ಲಿನ ಕೆಂಪು ಗಾಡಿ ಕೆಂಪಿಗೆ ಕೂಡ್ತಿರ್ಲಿಲ್ಲ. ಪ್ರೈಮರ್ ಬಾಗ್ಲು ನಮ್ಮ ಅಂಗಳದೊಳಗಿಂದು, ನಾವಷ್ಟೇ ಕಂಡಿದ್ದು. ಜನ ನೋಡಿದ್ದು ಇದು. ಹಿಂಗೇ ಮಾಡ್ರಿ."

ಸರ್‌ಗೆ ಇನ್ನೂ ಸಿಟ್ಟು ಇಳಿದಿರಲಿಲ್ಲ. "ಮಾಡೋಣ ಸರ್. ಆದ್ರೆ ಇನ್ನೊಬ್ರ ಕೆಲಸದ ಮ್ಯಾಲೆ ಕೈ ಇಟ್ಟೋಳ ಹೆಸರು ನಾನು ಕಾರ್ಡಿನಾಗೆ ಹಾಕಂಗಿಲ್ಲ. ಅದು ನಯನಾಂದೇ."

"ಹಾಕಬ್ಯಾಡ್ರಿ," ಎಂದರು ಕೊಟ್ಟೂರಪ್ಪನವರು. "ಊರಿನ ಪೇಂಟರ ಹೆಸರು ನಮ್ಮ ಕಾಗದದಾಗೆ ಯಾವತ್ತೂ ಇರ್ಲಿಲ್ಲ. ಅವರು ಬಾಗ್ಲಿನ ಕೆಳಗಿನ ಮೂಲಿಯಾಗೆ ತಾವೇ ಸಣ್ಣಗೆ ಬರ್ಕೊಳ್ಳೋರು. ಈಕಿನೂ ಬರ್ಕೊಳ್ಳಿ. ನೂರೈವತ್ತು ಬಾಗ್ಲನೂ ಈಕಿನೇ ಮಾಡ್ಲಿ." ಎದ್ದು ಕೋಲು ತೆಗೆದುಕೊಂಡರು. ನನ್ನ ಮುಂದೆ ನಿಂತು, "ಮೂರು ಕೋಟಾ?" ಎಂದು ಕೇಳಿದರು.

"ಹೂಂ ರೀ."

"ಅನ್ಕೊಂಡೆ," ಎಂದು ಹೊರಟರು.

ಆ ದಿನ ಉಳಿದ ಹೊತ್ತು ಸರ್ ಮುಂದಿನ ಕೋಣೆಯಲ್ಲೇ ಇದ್ದರು. ನಯನಾ ತನ್ನ ಕುಂಚಗಳನ್ನು ತೊಳೆದಳು, ತೊಳೆದವನ್ನೇ ಮತ್ತೆ ತೊಳೆದಳು. ಹೋಗುವಾಗ ನನ್ನ ಕುರ್ಚಿಯ ಹಿಂದೆ ನಿಂತು ಹೇಳಿದಳು: "ಮೂರು ದಿನ ಮಾಡಿದ್ದೆ ಸ್ವಾತಿ ಅದನ್ನ." ಅವಳು ನನ್ನ ಮೇಲೆ ಸಿಟ್ಟಾದದ್ದು ಅದೇ ಮೊದಲು. ನಾನು ತಪ್ಪಾಯಿತು ಎಂದೆ. ತಪ್ಪಾಗಿತ್ತು. ಹೊಟ್ಟೆಯಲ್ಲಿ ಮಾತ್ರ ಏನೂ ಕಡಿಮೆಯಾಗಿರಲಿಲ್ಲ. ಕಾರ್ಡಿನಲ್ಲಿ ಅವಳ ಹೆಸರು ದಪ್ಪ ಅಕ್ಷರದಲ್ಲೇ ಉಳಿದಿತ್ತು, ಜರ್ಮನಿಯವರು ಕನ್ನಡಕವಿಲ್ಲದೆ ಓದುವಷ್ಟು.

ಮಾರನೆಯ ದಿನ ಬೆಳಿಗ್ಗೆ ಬೇಗ ಬಂದು ಅತಿ ಸಣ್ಣ ಕುಂಚ ತೆಗೆದೆ. ಅದರ ಕೂದಲನ್ನು ಬ್ಲೇಡಿನಿಂದ ಇನ್ನೂ ತೆಳುವು ಮಾಡಿ ಎರಡು ಮೂರು ಎಳೆ ಮಾತ್ರ ಉಳಿಸಿದೆ. ಲೆನ್ಸನ್ನು ಸ್ಟ್ಯಾಂಡಿಗೆ ಸಿಗಿಸಿದೆ. ಬಾಗಿಲಿನ ಕೆಳಗಿನ ಮೂಲೆಯಲ್ಲಿ, ಸಾಸಿವೆ ಕಾಳಿನಷ್ಟು ಜಾಗದಲ್ಲಿ, ಬಿಳಿಯಲ್ಲಿ ನನ್ನ ಹೆಸರು ಬರೆದೆ. ಎರಡೇ ಅಕ್ಷರ. ಮೊದಲನೆಯದಕ್ಕೆ ಒತ್ತು ಬೇರೆ. ಬರಿಗಣ್ಣಿಗೆ ಅದೊಂದು ಧೂಳಿನ ಕಣ. ಯಾರೋ ಒರೆಸಲು ಹೋಗಬಹುದು. ಅದು ಅಳಿಯುವುದಿಲ್ಲ.

ಮುಗಿಸುವ ಹೊತ್ತಿಗೆ ನಯನಾ ಬಂದಿದ್ದಳು. ಬ್ಯಾಗನ್ನು ಭುಜದಿಂದ ಇಳಿಸದೆಯೇ ಬಂದು ಲೆನ್ಸಿನ ಮೇಲೆ ಬಗ್ಗಿದಳು. ಮೊದಲು ಅವಳಿಗೆ ಏನೂ ಕಾಣಲಿಲ್ಲ. ಆಮೇಲೆ ಕಂಡಿತು.

"ಓದೋಕೆ ಬರ್ತೈತಲ್ಲ," ಎಂದಳು. "ಒತ್ತಕ್ಷರನೂ ಕಾಣ್ತೈತೆ."

ನಾನು ಕುಂಚದ ತುದಿ ಒರೆಸಿದೆ.

"ನನ್ನ ಹೆಸರು ಪೆಟ್ಟಿಗೆಯೊಳಗಿರೋ ಕಾರ್ಡಿನಾಗೆ," ಎಂದು ನಕ್ಕಳು. "ನಿಂದು ಗಾಡಿ ಮ್ಯಾಲೇನೇ."

ಖೈರುನ್ನೀಸಾ ಒಳಗೆ ಬಂದವಳು ನಮ್ಮಿಬ್ಬರನ್ನೂ ನೋಡಿ ಚಹಾ ತರಲು ಹೊರಟಳು.

ನಯನಾ ನಕ್ಕ ಮೇಲೂ ಲೆನ್ಸಿನಿಂದ ತಲೆ ಎತ್ತಲಿಲ್ಲ. ತುಟಿ ಬಿಗಿದಿತ್ತು, ಕಣ್ಣು ಅಲ್ಲೇ ನೆಟ್ಟಿತ್ತು. ಆ ಎರಡಕ್ಷರದಲ್ಲಿ ಎಲ್ಲಾದರೂ ಒಂದು ನಡುಕ, ಒಂದು ತಪ್ಪು ಸಿಕ್ಕೀತೇ ಎಂದು ಹುಡುಕುತ್ತಿದ್ದಳು. ಎರಡು ತಿಂಗಳು ಇದೇ ಮೇಜಿನಲ್ಲಿ ನಾನು ಹಾಗೆಯೇ ಬಗ್ಗಿ ಕೂತಿದ್ದೆ. ಹೊರಗಿನಿಂದ ಅದು ಹೇಗೆ ಕಾಣುತ್ತದೆ ಎಂದು ಈಗ ಗೊತ್ತಾಯಿತು.

ನೋಡಲಿ ಎಂದು ಲೆನ್ಸನ್ನು ಇನ್ನೂ ಸ್ವಲ್ಪ ಅವಳ ಕಡೆ ತಿರುಗಿಸಿದೆ.